ಡೆನ್ಮಾರ್ಕಿನಿಂದ ತಂದ ಹೆಪ್ಪು

ಫಾರಿನ್ನಿಗೆ ಹೋಗಿ ಬಂದವರನ್ನು ನಮ್ಮ ಕಡೆ ಯಾರೂ "ಏನು ನೋಡಿದ್ರಿ" ಎಂದು ಕೇಳುವುದಿಲ್ಲ. "ಏನು ತಂದ್ರಿ" ಎಂದು ಕೇಳುತ್ತಾರೆ. ಕೈಗಡಿಯಾರ, ರೇಡಿಯೋ, ನೈಲಾನ್ ಸೀರೆ, ಈ ಮೂರರಲ್ಲಿ ಒಂದು ಉತ್ತರಕ್ಕೆ ಅವರ ಕಿವಿ ಸಿದ್ಧವಾಗಿರುತ್ತದೆ. ನಾನು "ಸಗಣಿ ತಂದೆ" ಎಂದಾಗ ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಅರ್ಧ ಜನ ನಕ್ಕರು. ಉಳಿದರ್ಧ ಜನ ಅಲ್ಲಿನ ಚಳಿ ನನ್ನ ತಲೆಗೆ ಹತ್ತಿದೆ ಎಂದುಕೊಂಡರು. ನಗುವವರು ನಗಲಿ, ನನಗೇನು. ಆದರೆ ಹೇಗೆ ತಂದೆವು ಎನ್ನುವುದನ್ನು ಕೇಳಿಸಿಕೊಂಡು ಆಮೇಲೆ ನಗಲಿ.

ಹೊಳಲ್ಕೆರೆ

ನಮ್ಮದು ಹಾಲಿನ ಸಂಘದ ಒಂದು ಪುಟ್ಟ ಬೆಣ್ಣೆ ಕಾರ್ಖಾನೆ. ನಾನು ಅಲ್ಲಿ ಹಾಲು ಪರೀಕ್ಷೆ ಮಾಡುವವಳು. ಹಾಲಿಗೆ ಯಾರು ಎಷ್ಟು ನೀರು ಬೆರೆಸಿದ್ದಾರೆ ಎಂದು ಹೇಳುವ ಕೆಲಸವಾದ್ದರಿಂದ ಸುತ್ತಲಿನ ಹಳ್ಳಿಗಳಲ್ಲಿ ನನಗೆ ಸ್ನೇಹಿತರು ಕಡಿಮೆ. ಸಂಘದ ಅಧ್ಯಕ್ಷರು ಕಾಟಪ್ಪಣ್ಣ. ಹೊಸದುರ್ಗದ ಕಡೆಯ ಹಟ್ಟಿಯವರು, ಕುರಿ ದನ ಕಾದು ದೊಡ್ಡವರಾದವರು, ಹೆಗಲ ಮೇಲೆ ಕಂಬಳಿಯಿಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಹಾಲು ಮಾರುವುದೆಂದರೆ ಪಾಪ ಎನ್ನುತ್ತಿದ್ದ ಹಟ್ಟಿಯ ಹೆಂಗಸರನ್ನು ಮನೆಮನೆಗೆ ಹೋಗಿ ಒಪ್ಪಿಸಿ, ಅವರ ಹಾಲನ್ನು ಕಾರ್ಖಾನೆಗೆ ತಂದವರು ಅವರೇ.

ಬೆಣ್ಣೆ ತೆಗೆದ ಮೇಲೆ ಉಳಿದ ಹಾಲನ್ನು ನಾವು ಒಡೆಸಿ, ಗಟ್ಟಿಯನ್ನು ಒಣಗಿಸಿ ಗೋಂದು ಮಾಡುವವರಿಗೆ ಕಳಿಸುತ್ತಿದ್ದೆವು. ಅದರಲ್ಲೂ ಉಳಿಯುತ್ತಿದ್ದದ್ದು ತಿಳಿಹಸಿರು ಬಣ್ಣದ ಹುಳಿನೀರು. ಅದು ಚರಂಡಿ ಹಿಡಿದು ಬೇಲಿಯಾಚೆಯ ರುದ್ರಣ್ಣನ ತೆಂಗಿನ ತೋಟಕ್ಕೆ ಹೋಗುತ್ತಿತ್ತು. ಅಲ್ಲಿ ನಿಂತು ನಾರುತ್ತಿತ್ತು. ಅದು ಎಂಥ ನಾತ ಎಂದರೆ, ರುದ್ರಣ್ಣನ ಮನೆಗೆ ಹೆಣ್ಣು ನೋಡಲು ಬಂದ ಬೀಗರು ಕಾಫಿ ಮುಟ್ಟದೆ ಎದ್ದುಹೋಗಿದ್ದರು.

"ನನ್ನ ತೋಟ ಏನು ನಿಮ್ಮ ಬಚ್ಚಲಾ?" ಎಂದು ರುದ್ರಣ್ಣ ಪಂಚಾಯಿತಿಯಲ್ಲಿ ಎದ್ದು ನಿಂತರು. "ದೀಪಾವಳಿ ಒಳಗೆ ಈ ನೀರು ನಿಲ್ಲಬೇಕು. ನಿಲ್ಲಲಿಲ್ಲಾ, ಕಾರ್ಖಾನೆಗೆ ನಾನೇ ಬೀಗ ತರ್ತೀನಿ."

ಪಂಚಾಯಿತಿ ಒಪ್ಪಿತು. ಕಾಟಪ್ಪಣ್ಣ ಅವತ್ತು ಕಂಬಳಿ ಕೊಡವಿಕೊಂಡು ಎದ್ದರು. ಕಾರ್ಖಾನೆ ಬಾಗಿಲಿಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಬೀಗ ಬಿದ್ರೆ ನಾನು ಹಟ್ಟಿ ಹೆಣ್ಮಕ್ಕಳಿಗೆ ಹೆಂಗವ್ವ ಮುಖ ತೋರಿಸ್ಲಿ?" ಎಂದರು.

ಅದಕ್ಕೆ ಬಬ್ಬೂರಿನ ಕೃಷಿ ಕೇಂದ್ರದವರನ್ನು ಕೇಳಿ ಒಂದು ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದೆವು. ಸಗಣಿಯ ಜೊತೆ ಹುಳಿನೀರು ಹಾಕುವುದು, ಗ್ಯಾಸು ಹುಟ್ಟಿ ಮೇಲಿನ ಕಬ್ಬಿಣದ ಡ್ರಮ್ಮು ಏಳುವುದು, ಉಳಿದ ಬಗ್ಗಡ ಗೊಬ್ಬರಕ್ಕೆ. ಜಾಗ ಕೊಟ್ಟವರು ಪಕ್ಕದ ಮಠದವರು. ಗ್ಯಾಸು ಮಠದ ದಾಸೋಹದ ಒಲೆಗೆ ಎಂದು ಮಾತಾಯಿತು. ಎಲ್ಲ ಸರಿ. ಆದರೆ ಉದ್ಘಾಟನೆಯ ದಿನ ಬಂದ ದೊಡ್ಡವರೆಲ್ಲ ತಾವೂ ಒಂದೊಂದು ಬಿಂದಿಗೆ ಹುಳಿನೀರು ಸುರಿಯಬೇಕೆಂದು ಹಟ ಹಿಡಿದರು. ಒಬ್ಬರು ಸುರಿದರೆ ಇನ್ನೊಬ್ಬರಿಗೆ ಬಿಡಲು ಮನಸ್ಸಿಲ್ಲ. ಅಭಿಷೇಕ ನಡೆದಂತೆ ನಡೆಯಿತು. ಗುಂಡಿಗೆ ಅಜೀರ್ಣವಾಯಿತು, ಡ್ರಮ್ಮು ಕುಕ್ಕರಿಸಿದ್ದು ಏಳಲೇ ಇಲ್ಲ. ಬಬ್ಬೂರಿನವರು ಬಂದು ಮೂಸಿ ನೋಡಿ, "ಹುಳಿ ಜಾಸ್ತಿ ಆಗೈತೆ. ಸುಣ್ಣ ಹಾಕ್ರಿ, ಸ್ವಲ್ಪ ಸ್ವಲ್ಪ ಉಣ್ಣಿಸ್ರಿ, ಕಾಯ್ರಿ" ಎಂದರು. ಕಾಯುವ ತಾಳ್ಮೆ ಯಾರಿಗಿತ್ತು? ಮತ್ತೆ ಸುರಿದೆವು, ಮತ್ತೆ ಕೆಟ್ಟಿತು.

ಅಷ್ಟರಲ್ಲಿ ಹಿಂದೆ ನಮಗೆ ಬೆಣ್ಣೆ ಕಡೆಯುವ ಯಂತ್ರ ದಾನ ಕೊಟ್ಟಿದ್ದ ಡೆನ್ಮಾರ್ಕಿನ ಹೈನುಗಾರರಿಂದ ಕರೆ ಬಂತು. ನಮ್ಮಲ್ಲೂ ಈಗ ಹುಳಿನೀರಿನಿಂದ ಗ್ಯಾಸು ಮಾಡುತ್ತಿದ್ದೇವೆ, ಇಬ್ಬರು ಬಂದು ನೋಡಿ ಎಂದು. ಇಂಗ್ಲಿಷ್ ಬರುತ್ತದೆ ಎಂದು ನಾನು, ಅಧ್ಯಕ್ಷರು ಎಂದು ಕಾಟಪ್ಪಣ್ಣ, ಇಬ್ಬರೂ ಹೊರಟೆವು.

ವಿಮಾನದಲ್ಲಿ

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಟಪ್ಪಣ್ಣ ಕಂಬಳಿಯನ್ನು ಮೇಲಿನ ಗೂಡಿನಲ್ಲಿಡಲು ಒಪ್ಪಲಿಲ್ಲ. ಗಗನಸಖಿ ತಣ್ಣನೆಯ ಹಾಲು ತಂದುಕೊಟ್ಟಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಕಾಸಿಲ್ವಲ್ಲೇ ತಾಯಿ ಇದನ್ನ" ಎಂದು ಕನ್ನಡದಲ್ಲೇ ಮರುಕಪಟ್ಟರು. ಆಕೆ ನಕ್ಕು ಇನ್ನೊಂದು ಲೋಟ ತಂದಿಟ್ಟಳು. ಹೀಗೆ ಮೂರು ಲೋಟ ಹಸಿ ಹಾಲು ನನ್ನ ಪಾಲಿಗೆ ಬಂತು.

ಗಿಣ್ಣಿನ ಕಾರ್ಖಾನೆ

ಡೆನ್ಮಾರ್ಕಿನಲ್ಲಿ ನಮ್ಮನ್ನು ನೋಡಿಕೊಂಡವನು ನೀಲ್ಸ್ ಎಂಬ ಎಂಜಿನಿಯರ್. ಉದ್ದನೆಯ ಮನುಷ್ಯ, ಬಾಯಲ್ಲಿ ಸದಾ ಒಂದು ಪೈಪು. ಮೊದಲ ದಿನವೇ ಊಟಕ್ಕೆ ಮಜ್ಜಿಗೆ ಇದೆ ಎಂದಾಗ ನನ್ನ ಕಣ್ಣಲ್ಲಿ ನೀರೇ ಬಂತು. ಬಟ್ಟಲು ಬಾಯಿಗಿಟ್ಟರೆ ಸಕ್ಕರೆ! ಮಜ್ಜಿಗೆಗೆ ಸಕ್ಕರೆ, ಮೇಲೆ ನಿಂಬೆ ಸಿಪ್ಪೆ, ಪುಡಿ ಮಾಡಿದ ಬಿಸ್ಕತ್ತು. ಕರಿಬೇವಿಲ್ಲ, ಇಂಗಿಲ್ಲ, ಉಪ್ಪಿನ ಹರಳೂ ಇಲ್ಲ. ನನಗೆ ಕೆಂಡಾಮಂಡಲ ಸಿಟ್ಟು ಬಂತು. ಕಾಟಪ್ಪಣ್ಣ ಮಾತ್ರ ಬಟ್ಟಲು ನೆಕ್ಕಿ, "ಪಾಯಸ ಹುಳಿ ಆಗೈತೆ, ಪರವಾಗಿಲ್ಲ, ಬಡವರು ಪಾಪ" ಎಂದರು.

ಮಾರನೆಯ ದಿನ ನೀಲ್ಸ್ ಸಮುದ್ರದ ದಾರಿಯಲ್ಲಿ ಕಾರು ಓಡಿಸಿದ. ರಸ್ತೆಯ ಒಂದು ಪಕ್ಕ ಹೊಲಕ್ಕೆ ಟ್ಯಾಂಕರಿನಲ್ಲಿ ಸಗಣಿ ಬಗ್ಗಡ ಎರಚುತ್ತಿದ್ದರು, ಮೂಗು ಕಿತ್ತುಹೋಗುವ ನಾತ. ಇನ್ನೊಂದು ಪಕ್ಕ, ಅದೇ ನಾತದೊಳಗೆ, ಗಂಡಸರು ಹೆಂಗಸರು ತುಂಡು ಬಟ್ಟೆಯಲ್ಲಿ ಮರಳ ಮೇಲೆ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿದೆ. ಕಣ್ಣನ್ನೂ ಮುಚ್ಚಬೇಕಾಯಿತು.

"ವಾಸನೆ ಬಂದ್ರೆ ಇಲ್ಲಿಯೋರು ಬೈಯಲ್ವಂತಾ, ಕೇಳು" ಎಂದರು ಕಾಟಪ್ಪಣ್ಣ.

ನೀಲ್ಸ್ ಉಸಿರೆಳೆದುಕೊಂಡು, ಇದು ಹಳ್ಳಿಗಾಡಿನ ಗಾಳಿ, ಆರೋಗ್ಯಕ್ಕೆ ಒಳ್ಳೆಯದು ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಕಾಟಪ್ಪಣ್ಣ ಬಹಳ ಹೊತ್ತು ಆ ಮಲಗಿದವರನ್ನೇ ನೋಡಿ, "ರುದ್ರಣ್ಣನ್ನ ಒಂದ್ಸಲ ಕರ್ಕಂಬಂದು ಇಲ್ಲಿ ಮಲಗಿಸ್ಬೇಕು" ಎಂದರು.

ಗಿಣ್ಣಿನಂಥ ಗಟ್ಟಿ ಚೀಸನ್ನು ಮಾಡುವ ಆ ಕಾರ್ಖಾನೆಯಲ್ಲಿ ನಮ್ಮದರಂತೆಯೇ ಹುಳಿನೀರು, ಆದರೆ ಹೊಳೆಯಷ್ಟು. ಅದನ್ನು ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಸಗಣಿಯೊಂದಿಗೆ ಕೊಳೆಸಿ, ಬಂದ ಗ್ಯಾಸಿನಿಂದ ಬಾಯ್ಲರು ಉರಿಸುತ್ತಿದ್ದರು. ಗಾಳಿಯಾಡದ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅವಕ್ಕೆ ಸ್ವಲ್ಪ ಸ್ವಲ್ಪವೇ ಉಣ್ಣಿಸಬೇಕು, ಹುಳಿ ಹೆಚ್ಚಾದರೆ ಸುಣ್ಣ ಹಾಕಿ ಕಾಯಬೇಕು ಎಂದು ನೀಲ್ಸ್ ವಿವರಿಸಿದ. ಬಬ್ಬೂರಿನವರು ಬಸ್ಸಿನಲ್ಲಿ ಬಂದು ಹೇಳಿಹೋದ ಮಾತನ್ನೇ ಕೇಳಲು ನಾವು ವಿಮಾನ ಹತ್ತಿ ಬಂದಿದ್ದೆವು. ಇಲ್ಲಿ ಕೇಳಿದಾಗ ಬಹಳ ಗಹನವಾಗಿ ಕಂಡಿತು.

"ಹೊಸ ತೊಟ್ಟಿ ಶುರು ಮಾಡುವಾಗ ಏನು ಮಾಡಿದಿರಿ?" ಎಂದು ನಾನು ಕೇಳಿದೆ.

ಹುಳಿನೀರು ತಿಂದು ರೂಢಿಯಾದ ಹಳೆಯ ತೊಟ್ಟಿಯಿಂದ ಒಂದಿಷ್ಟು ಬಗ್ಗಡ ತಂದು ಬೆರೆಸಿದೆವು ಎಂದ ನೀಲ್ಸ್. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಕಾಟಪ್ಪಣ್ಣ ತೊಡೆ ತಟ್ಟಿಕೊಂಡರು.

"ಹೆಪ್ಪು ಹಾಕವ್ರೆ ಅನ್ನವ್ವ! ನಾವು ಹೆಪ್ಪಿಲ್ದೆ ಮೊಸರು ಆಗ್ಲಿ ಅಂತ ಕುಂತಿದ್ವಿ. ಕೇಳು, ಒಂದ್ಚೂರು ಹೆಪ್ಪು ಕೊಡ್ಲಿ, ತಗಂಡು ಹೋಗಾಣ."

ನೀಲ್ಸ್ ಸಂತೋಷದಿಂದ ಒಪ್ಪಿದ. ನಮ್ಮದು ಈ ಸೀಮೆಗೇ ಶ್ರೇಷ್ಠ, ಹಸುವಿನ ಸಗಣಿ ಮಾತ್ರವಲ್ಲ, ಹಂದಿಯದೂ ಹಾಕುತ್ತೇವೆ ಎಂದು ಎದೆಯುಬ್ಬಿಸಿ ಹೇಳಿದ. ನಾನು ಅದನ್ನು ಹೇಳಲೋ ಬೇಡವೋ ಎಂದು ಒಂದು ಕ್ಷಣ ಒದ್ದಾಡಿದೆ. ಹೇಳಿದೆ.

ಕಾಟಪ್ಪಣ್ಣನ ಮುಖ ಇಳಿಯಿತು. "ಹಂದಿ ಹೆಪ್ಪು ಹಾಕಿದ ಗ್ಯಾಸಲ್ಲಿ ಮಠದ ಅನ್ನ ಬೇಯಿಸಾದು ಹೆಂಗವ್ವ? ಬೀಗ ಬಿದ್ರೂ ಬೀಳ್ಲಿ, ಇದು ಬ್ಯಾಡ."

ಮಠ, ದಾಸೋಹ, ಹಂದಿ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಕೂಡಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿಯಿತು. ನೀಲ್ಸ್ ಪೈಪು ಕಚ್ಚಿಕೊಂಡು ಯೋಚಿಸಿದ. ಕೊನೆಗೆ, ತನ್ನ ಚಿಕ್ಕಮ್ಮ ಇಂಗಾ ಹಳ್ಳಿಯಲ್ಲಿ ಹಸು ಸಾಕಿಕೊಂಡು ಮನೆಯಲ್ಲೇ ಚೀಸು ಮಾಡುತ್ತಾಳೆ, ಆಕೆಯ ಹಿತ್ತಲಲ್ಲಿ ಒಂದು ಚಿಕ್ಕ ತೊಟ್ಟಿಯಿದೆ, ಹಂದಿಯ ಸುಳಿವೂ ಇಲ್ಲ ಎಂದ. ನಮಗೆ ಉಳಿದಿದ್ದದ್ದು ಒಂದೇ ಸಾಯಂಕಾಲ. ಅಂದೇ ರೈಲು ಹಿಡಿದರೆ ಮಾತ್ರ ಮರುದಿನದ ವಿಮಾನ ಸಿಗುತ್ತಿತ್ತು.

ಇಂಗಾ ಅವರ ಮನೆ

ಇಂಗಾ ನಮ್ಮ ಅಮ್ಮನ ವಯಸ್ಸಿನವರು. ರಬ್ಬರಿನ ಬೂಟು, ತಲೆಗೆ ಚೌಕ, ಕೆಂಪು ಕೆನ್ನೆ. ಕಾಟಪ್ಪಣ್ಣನ ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡಿ ಯಾವ ಕುರಿಯದು ಎಂದು ಕೈಸನ್ನೆಯಲ್ಲೇ ಕೇಳಿದರು. ಕಾಟಪ್ಪಣ್ಣ ಕುರಿಯಂತೆಯೇ ಅರಚಿ ತೋರಿಸಿದರು. ಅವರಿಬ್ಬರಿಗೂ ಆಮೇಲೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ಕೊಟ್ಟಿಗೆ ಸುತ್ತಿದರು, ಹಸುಗಳ ಗಂಗೆದೊಗಲು ತುರಿಸಿದರು, ತೊಟ್ಟಿಯ ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ಮೂಸಿ ತಲೆಯಾಡಿಸಿದರು. ಹೆಪ್ಪು ಕೊಡುತ್ತೇನೆ, ಮೊದಲು ಊಟ ಎಂದರು ಇಂಗಾ.

ಊಟದ ಮೇಜಿನ ನಡುವೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವುದು ತಡ, ಸಂಜೆಯಾದರೂ ಹೊರಗೆ ಬಿಸಿಲು ನಮ್ಮೂರಿನ ನಾಲ್ಕು ಗಂಟೆಯ ಬಿಸಿಲಿನ ಹಾಗೆ ಬಿದ್ದಿತ್ತು. ಅವರಿಗೆ ಅದು ಪದ್ಧತಿ, ಅತಿಥಿ ಬಂದರೆ ಹಗಲೋ ರಾತ್ರಿಯೋ ಮೇಜಿನ ಮೇಲೆ ದೀಪ ಇರಲೇಬೇಕು. ನಾವು ಉಂಡೆವು. ನೀಲ್ಸ್ ಗಡಿಯಾರ ನೋಡಿ, ಹೆಪ್ಪು ತುಂಬಲು ಹಾಲಿನ ಕ್ಯಾನು ಎತ್ತಿಕೊಂಡ. ಕಾಟಪ್ಪಣ್ಣ ಕದಲಲಿಲ್ಲ.

"ಏಳಿ ಅಣ್ಣಾ, ರೈಲಿಗೆ ಹೊತ್ತಾಯ್ತು."

"ದೀಪ ಉರಿತೈತಲ್ಲವ್ವ" ಎಂದರು ಕಾಟಪ್ಪಣ್ಣ.

ನನಗೆ ಆಗ ಹೊಳೆಯಿತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ, ನನ್ನ ಅಮ್ಮ ಸ್ವಂತ ತಂಗಿಗೂ ಕೊಟ್ಟವಳಲ್ಲ. ಹಾಗೆ ಕೊಟ್ಟರೆ ಕೊಟ್ಟ ಮನೆಯ ಲಕ್ಷ್ಮಿ ಹೆಪ್ಪಿನ ಜೊತೆಗೇ ಹೊರಟುಹೋಗುತ್ತಾಳೆ.

"ಇದು ಸಗಣಿ ಅಣ್ಣಾ, ಮೊಸರಲ್ಲ! ಸೂರ್ಯ ಬೇರೆ ಇನ್ನೂ ಮುಳುಗಿಲ್ಲ!"

"ಹೆಪ್ಪು ಅಂದ್ರೆ ಹೆಪ್ಪು. ನಮ್ಮ ಕೆಲಸ ಆಗ್ಲಿ ಅಂತ ಈ ತಾಯಿ ಮನೆ ಲಕ್ಷ್ಮೀನ ಕ್ಯಾನ್ನಾಗೆ ತುಂಬ್ಕಂಡು ಹೋಗಾಕಾಯ್ತದಾ? ಒಂಟಿ ಹೆಂಗ್ಸು, ಹಸ ಕಟ್ಕಂಡು ಬದುಕ್ತಾವಳೆ. ಕುಂತ್ಕಳ್ರಿ, ಬತ್ತಿ ಮುಗೀಲಿ."

ಬೈಯಲು ಬಾಯಿ ತೆರೆದೆ. ತಮ್ಮ ಕಾರ್ಖಾನೆಯೇ ಮುಚ್ಚಿಹೋಗುವ ಹೊತ್ತಿನಲ್ಲಿ, ಎಂದೂ ಮತ್ತೆ ನೋಡದ ಹೆಂಗಸಿನ ಮನೆ ಹಾಳಾಗಬಾರದು ಎಂದು ಕೂತವರಿಗೆ ಏನೆಂದು ಹೇಳುವುದು? ಕೂತೆ. ನೀಲ್ಸ್ ಕ್ಯಾನು ಹಿಡಿದು ನಿಂತೇ ಇದ್ದ. ಬತ್ತಿ ಗಿಡ್ಡವಾಗಿತ್ತು, ಸದ್ಯ, ಬೇಗ ಮುಗಿಯಿತು. ಕಾಟಪ್ಪಣ್ಣ ಎದ್ದರು. ಅಷ್ಟರಲ್ಲಿ ಇಂಗಾ, ಅಯ್ಯೋ ಅತಿಥಿಗಳ ಮುಂದೆ ದೀಪ ಹೋಯಿತಲ್ಲ ಎಂದು ಚಕ್ಕನೆ ಹೊಸ ಬತ್ತಿ ಹಚ್ಚಿಟ್ಟರು. ಕಾಟಪ್ಪಣ್ಣ ಕೂತರು.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನಾನು ನೀಲ್ಸನಿಗೆ ಎಲ್ಲ ಹೇಳಿದೆ. ಅವನು ಪೈಪು ಬಾಯಿಂದ ತೆಗೆದು ನನ್ನನ್ನೂ ಕಾಟಪ್ಪಣ್ಣನನ್ನೂ ನೋಡಿದ. ತೊಟ್ಟಿ ಹೊರಗಿದೆಯಲ್ಲ, ಅಲ್ಲಿ ದೀಪವಿಲ್ಲವಲ್ಲ ಎಂದ. ಕೊಡುವಾಕೆ ಮನೆಯೊಡತಿ, ದೀಪ ಇರುವುದು ಮನೆಯಲ್ಲಿ ಎಂದೆ. ತಾನೇ ತುಂಬಿಕೊಂಡು ಬಂದರೆ ಎಂದ. ಅದು ಕಳ್ಳತನ ಎಂದೆ. ಕೊನೆಗೆ ಅವನು ಚಿಕ್ಕಮ್ಮನಿಗೆ ಅವರ ಭಾಷೆಯಲ್ಲಿ ತಿಳಿಸಿದ. ಇಂಗಾ ಇಷ್ಟೇನಾ ಎಂಬಂತೆ ನಕ್ಕು, ಕೆನ್ನೆಯುಬ್ಬಿಸಿ ದೀಪ ಊದಲು ಬಗ್ಗಿದರು.

"ಅಯ್ಯೋ ಅವ್ವಾ, ಬಾಯಾಗೆ ಊದಬ್ಯಾಡ!" ಕಾಟಪ್ಪಣ್ಣ ಎರಡೂ ಕೈ ಅಡ್ಡ ಹಿಡಿದರು.

ದೀಪವನ್ನು ಊದಿ ಆರಿಸುವುದು ಇನ್ನೂ ದೊಡ್ಡ ಅನಿಷ್ಟ. ಇದನ್ನೂ ವಿವರಿಸಿದೆ. ನಾಲ್ಕು ಜನ ದೊಡ್ಡವರು ಹೊರಗೆ ಬಿಸಿಲಿರುವಾಗಲೇ ಒಂದು ಮೇಣದಬತ್ತಿ ಮುಗಿಯುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಕೂತೆವು. ಇಂಗಾ ನಡುನಡುವೆ ಚೀಸು ಬಡಿಸಿದರು. ನಾನು ಮಾತ್ರ ಅವರ ಕೈಯನ್ನೇ ಗಮನಿಸುತ್ತಿದ್ದೆ. ಎಷ್ಟು ಹೇಳಿದರೇನು, ಬತ್ತಿ ಕರಗಿದ ಹಾಗೆಲ್ಲ ಆ ಕೈ ತನ್ನಷ್ಟಕ್ಕೆ ಬೆಂಕಿಪೊಟ್ಟಣದ ಕಡೆ ಸರಿಯುತ್ತಿತ್ತು. ಬತ್ತಿ ಕೊನೆಯ ಸಲ ಕುಣಿಯಿತು. ನಾನು ಬೆಂಕಿಪೊಟ್ಟಣವನ್ನು ಎಗರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇಂಗಾ ಮೇಜು ತಡಕಿದರು, ಬಟ್ಟಲು ಎತ್ತಿ ನೋಡಿದರು, ನೀಲ್ಸನ ಜೇಬಿಗೂ ಕೈ ಹಾಕಿದರು.

"ಈಗ ಕೊಡವ್ವ, ಲಗೂನ!" ಎಂದು ಕಾಟಪ್ಪಣ್ಣ ಕ್ಯಾನು ಹಿಡಿದು ಹಿತ್ತಲಿಗೆ ಓಡಿದರು. ಇಂಗಾ ಬೂಟು ಹಾಕಿಕೊಳ್ಳದೆ ಬರಿಗಾಲಲ್ಲಿ ಹಿಂದೆ ಓಡಿ, ಉದ್ದನೆಯ ಸೌಟಿನಲ್ಲಿ ಮೊಗೆದು ಕ್ಯಾನಿನ ಕುತ್ತಿಗೆಯವರೆಗೆ ತುಂಬಿಕೊಟ್ಟರು. ರೈಲು ಸಿಕ್ಕಿತು. ಅದು ನೀಲ್ಸನ ಕಾರಿನ ಪುಣ್ಯ, ನಮ್ಮದಲ್ಲ.

ಬೊಂಬಾಯಿ

ಬೊಂಬಾಯಿಯ ಕಸ್ಟಮ್ಸಿನಲ್ಲಿ ನಮ್ಮ ಮುಂದಿನವರ ಪೆಟ್ಟಿಗೆಗಳಿಂದ ಗಡಿಯಾರ, ಟೇಪ್ ರೆಕಾರ್ಡರು, ಸೆಂಟಿನ ಬಾಟಲಿಗಳು ಹೊರಬರುತ್ತಿದ್ದವು. ನಮ್ಮ ಸರದಿಗೆ ಅಧಿಕಾರಿ ಕ್ಯಾನು ತಟ್ಟಿ, ಇದರಲ್ಲೇನು ಎಂದ.

"ಸಗಣಿ" ಎಂದೆ.

ಅವನು ನಂಬಲಿಲ್ಲ. ಚಿನ್ನ ಹುಗಿದಿದ್ದೇವೆ ಎಂದುಕೊಂಡಿರಬೇಕು. ಮುಚ್ಚಳ ತಿರುಪಿದ. ದಾರಿಯುದ್ದಕ್ಕೂ ಗ್ಯಾಸು ಕಟ್ಟಿಕೊಂಡಿದ್ದ ಕ್ಯಾನು ಬುಸ್ಸೆಂದಿತು. ಅಧಿಕಾರಿ ಹಿಂದಕ್ಕೆ ಹಾರಿದ, ಸಾಲಿನಲ್ಲಿದ್ದವರು ಸಾಲು ಬಿಟ್ಟರು. ಆಮೇಲೆ ಅವನು ತನ್ನ ಜೊತೆಯವರನ್ನೆಲ್ಲ ಕೂಗಿ ಕರೆದು ತೋರಿಸಿದ: ಹಿಂದೂಸ್ತಾನಕ್ಕೆ ಫಾರಿನ್ ಸಗಣಿ ತಂದವರು ನೋಡಿ ಬನ್ನಿ. ಯಾವ ಸುಂಕ ಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಾಟಪ್ಪಣ್ಣ ಮಾತ್ರ ಹೆಮ್ಮೆಯಿಂದ ನಿಂತಿದ್ದರು. "ಉಸಿರಾಡ್ತೈತೆ ನೋಡವ್ವ, ಜೀವ ಐತೆ" ಎಂದರು.

ಚಿಕ್ಕಜಾಜೂರು

ಹೊಳಲ್ಕೆರೆಯ ಗಾಡಿ ಹಿಡಿಯಲು ಚಿಕ್ಕಜಾಜೂರಿನಲ್ಲಿ ಇಳಿದರೆ ಹಾರ, ಓಲಗ, ಅರ್ಧ ಊರೇ ಬಂದಿತ್ತು. ಬೀಗ ತರುತ್ತೇನೆ ಎಂದಿದ್ದ ರುದ್ರಣ್ಣನೂ ಬಿಳಿ ಜುಬ್ಬ ತೊಟ್ಟು ಮುಂದೆಯೇ ನಿಂತಿದ್ದರು, ಏನು ತರುತ್ತಾರೋ ನೋಡೋಣ ಎಂದು. ಹಾರ ಹಾಕುವ ಗಡಿಬಿಡಿಯಲ್ಲಿ ಯಾರೋ ಕ್ಯಾನನ್ನು ಎತ್ತಿ ಜೋರಾಗಿ ಕುಕ್ಕಿದರು. ಢಮಾರ್! ಮುಚ್ಚಳ ಹಾರಿತು. ಇಂಗಾ ಅವರ ಹೆಪ್ಪು ಚಿಮ್ಮಿ ನೇರವಾಗಿ ರುದ್ರಣ್ಣನ ಜುಬ್ಬದ ಮೇಲೆ ಬಿತ್ತು. ಓಲಗ ನಿಂತಿತು.

ರುದ್ರಣ್ಣ ಜುಬ್ಬವನ್ನೇ ಬಗ್ಗಿ ಮೂಸಿದರು. "ಇದಕ್ಕಾ ಅಷ್ಟು ದೂರ ಹೋಗಿದ್ದು? ಇದು ನನ್ನ ತೋಟದಾಗೇ ಐತಲ್ರೀ!"

ಜನ ಹೊಟ್ಟೆ ಹಿಡಿದು ನಕ್ಕರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಕಾಟಪ್ಪಣ್ಣ ಯಾರ ಕಡೆಗೂ ನೋಡದೆ ಮಂಡಿಯೂರಿ, ಮುತ್ತುಗದ ಎಲೆಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದದ್ದನ್ನು ಬಳಿದು ಬಳಿದು ಕ್ಯಾನಿಗೆ ತುಂಬಿದರು. ತಳದಲ್ಲಿ ಒಂದಿಷ್ಟು ಉಳಿದಿತ್ತು. "ಹೆಪ್ಪು ಎಷ್ಟು ಬೇಕವ್ವ, ಇಷ್ಟು ಸಾಕು" ಎಂದರು.

ಮಠದ ಅಡುಗೆಮನೆ

ಗುಂಡಿಯನ್ನು ಪೂರ್ತಿ ಬರಿದು ಮಾಡಿಸಿದೆವು. ಹಟ್ಟಿಯ ಹೆಂಗಸರು ಹೊಸ ಸಗಣಿ ಹೊತ್ತು ತಂದರು. ಸುಣ್ಣ ಬೆರೆಸಿದೆವು, ಹೆಪ್ಪು ಹಾಕಿದೆವು. ಹುಳಿನೀರು ಹಾಕಲು ಕಾಟಪ್ಪಣ್ಣ ಒಂದು ಚೊಂಬು ಗೊತ್ತು ಮಾಡಿದರು. ಅವರ ಅಪ್ಪಣೆಯಿಲ್ಲದೆ ಯಾರೂ ಒಂದು ತೊಟ್ಟು ಸುರಿಯುವ ಹಾಗಿರಲಿಲ್ಲ. ಉಳಿದ ನೀರನ್ನು ಬಾನಿಗಳಲ್ಲಿ ತುಂಬಿಟ್ಟು ಕಾದೆವು. ಗಣೇಶನ ಹಬ್ಬ ಹೋಯಿತು, ಡ್ರಮ್ಮು ಕೂತೇ ಇತ್ತು. ಮಹಾನವಮಿ ಬಂತು. ರುದ್ರಣ್ಣ ದಿನಾ ಬೇಲಿಯ ಹತ್ತಿರ ಬಂದು ಇಣುಕಿ ಹೋಗುತ್ತಿದ್ದರು. ಅವರು ಪೇಟೆಯಿಂದ ಬೀಗ ತಂದಾಗಿದೆ ಎಂದೂ ಸುದ್ದಿ ಬಂತು.

ದೀಪಾವಳಿಗೆ ಇನ್ನೇನು ಹತ್ತಿರವಾಯಿತು ಎನ್ನುವಾಗ ಒಂದು ಬೆಳಗ್ಗೆ ಡ್ರಮ್ಮು ಮೊಳದುದ್ದ ಎದ್ದು ನಿಂತಿತ್ತು. ಕಾಟಪ್ಪಣ್ಣ ಅದರ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟರು. ನಾನೂ ಅತ್ತೆ. ಅದು ಡೆನ್ಮಾರ್ಕಿನ ಹೆಪ್ಪಿನ ಕೆಲಸವೋ, ಪ್ಲಾಟ್‌ಫಾರ್ಮಿನಿಂದ ಬಳಿದಾಗ ಸೇರಿಕೊಂಡ ಚಿಕ್ಕಜಾಜೂರಿನ ದನಗಳ ಸಗಣಿಯದ್ದೋ, ಬರೀ ತಾಳ್ಮೆಯದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಬಬ್ಬೂರಿನವರನ್ನು ಕೇಳಲು ನನಗೆ ಧೈರ್ಯವಿಲ್ಲ.

ಆ ಸಂಜೆ ಮಠದ ಅಡುಗೆಮನೆಯಲ್ಲಿ ಎಲ್ಲರೂ ಸೇರಿದರು. ಅಡುಗೆಯ ಗಂಗಣ್ಣ ದೊಡ್ಡ ಕೊಳಗದಲ್ಲಿ ಅಕ್ಕಿಗೆ ಎಸರಿಟ್ಟಿದ್ದರು. ಒಲೆ ಹಚ್ಚಲು ನಾನು ಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಇಂಗಾ ಅವರ ಬೆಂಕಿಪೊಟ್ಟಣ. ಗೀರಿದೆ. ನೀಲಿ ಉರಿ ಸುತ್ತಲೂ ಅರಳಿತು. ಹಟ್ಟಿಯ ಹೆಂಗಸರು ಕೈ ಮುಗಿದರು. ಗಂಗಣ್ಣ ಹೊಗೆಯಿಲ್ಲದ ಒಲೆಯ ಮುಂದೆ ರೂಢಿಯಿಂದ ಕಣ್ಣೊರೆಸಿಕೊಂಡರು.

ಆಗ ಬಾಗಿಲಲ್ಲಿ ರುದ್ರಣ್ಣ ಕಾಣಿಸಿದರು. ಅವರ ಕೈಯಲ್ಲಿ ಬೀಗ ಇರಲಿಲ್ಲ, ಒಂದು ಮಣ್ಣಿನ ಮಡಕೆ ಇತ್ತು. ಉರಿಯನ್ನು ನೋಡಿದರು, ನೆಲ ನೋಡಿದರು.

"ನಾನೂ ಮನೆ ಹಿತ್ತಲಾಗೆ ಒಂದು ಗುಂಡಿ ತೋಡಿಸೀನಿ" ಎಂದರು. "ಒಂದ್ಚೂರು ಹೆಪ್ಪು ಕೊಡ್ತೀರಾ, ಕಾಟಪ್ಪಾ?"

ನಾನು ಕಾಟಪ್ಪಣ್ಣನ ಮುಖ ನೋಡಿದೆ. ಹೊರಗೆ ಕತ್ತಲಾಗಿತ್ತು. ಗೂಡಿನಲ್ಲಿ ದೀಪ ಹಚ್ಚಿತ್ತು, ಒಲೆಯೂ ಉರಿಯುತ್ತಿತ್ತು. ಈಗ ಕೊಡುವ ಮನೆ ನಮ್ಮದು. ನಾನು ಮೆಲ್ಲನೆ ಗ್ಯಾಸಿನ ತಿರುಪಿಗೆ ಕೈ ಹಾಕಿದೆ, ಒಂದು ಗಳಿಗೆ ಉರಿ ಶಾಂತ ಮಾಡೋಣವೆಂದು.

"ಬ್ಯಾಡ ಬಿಡವ್ವ, ಅನ್ನ ಬೇಯ್ತೈತೆ" ಎಂದು ಕಾಟಪ್ಪಣ್ಣ ನನ್ನ ಕೈ ಸರಿಸಿದರು. ರುದ್ರಣ್ಣನ ಮಡಕೆ ಇಸಿದುಕೊಂಡು ಗುಂಡಿಯ ಕಡೆ ನಡೆದರು.

"ಅಣ್ಣಾ, ದೀಪ ಹಚ್ಚೈತಲ್ಲ! ಲಕ್ಷ್ಮಿ ಹೊರಟುಹೋದ್ರೆ?"

ಕಾಟಪ್ಪಣ್ಣ ತಿರುಗಿ ನೋಡಿ ನಕ್ಕರು. "ಹೋದ್ರೆ ಎಲ್ಲಿಗೆ ಹೋಗ್ತಾಳವ್ವ? ರುದ್ರಣ್ಣನ ತೋಟಕ್ಕೆ ತಾನೆ? ಇಷ್ಟು ದಿನ ನಾವು ಅವ್ನಿಗೆ ಬರೀ ಹುಳಿನೀರು ಕೊಟ್ವಿ. ಹೋಗ್ಲಿ ಬಿಡು, ಬೇಲಿ ಆಚೀಗೆ ಇರ್ತಾಳೆ."